ಎಳ್ಳಿನ ಪೊಟ್ಟಣದ ಹಿಂದಿನ ನಂಬರು

ವುಲ್ವರ್‌ಹ್ಯಾಂಪ್ಟನ್
12 ಫೆಬ್ರವರಿ 2024

ಪ್ರೀತಿಯ ಭಾಗೀರಥಿ,

ಹದಿನಾರು ದಿನದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ಮೊಬೈಲ್ ಎತ್ತುವುದಿಲ್ಲ, ಮನೆಯ ಫೋನಿನ ತಂತಿಯನ್ನೇ ಕಿತ್ತಿದ್ದೀಯಂತೆ, ಇಮೇಲ್ ಕಳಿಸಿದರೆ ಹಾಗೇ ವಾಪಸ್ ಬರುತ್ತದೆ. ಅನ್ವಿತಾಗೆ ಮೆಸೇಜು ಹಾಕಿದೆ. 'ಅಮ್ಮನಿಗೆ ಸದ್ಯ ನಿಮ್ಮ ಹತ್ತಿರ ಮಾತಾಡಲು ಇಷ್ಟವಿಲ್ಲ ಆಂಟಿ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಿನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯ ಪಾಳಿ ಬದಲಾಯಿಸಿಕೊಂಡು ಹದಿನೈದು ದಿನ ನಿನಗೆ ಬಾಣಂತನ ಮಾಡಿದವಳು ನಾನು. ಇರಲಿ, ಅದನ್ನು ಈಗ ಎತ್ತಿ ಆಡುವುದಿಲ್ಲ. ಬೇರೆ ದಾರಿ ಕಾಣದೆ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಡಾಕ್ಟರ ಅಕ್ಷರ ಎಂದು ಸಹಿಸಿಕೋ.

ನಿನ್ನ ಹಯವದನರ ಮಾತುಗಳಿದ್ದ ಕಡತವೇ ಹೋಯಿತಂತೆ. ಕನ್ನಡ ಸಂಘದವರ ಬಾಯಿಂದ ಕೇಳಿದೆ. ನರಗಳನ್ನು ಸಾಯಿಸುವ ಆ ಮೋಟಾರ್ ನ್ಯೂರಾನ್ ಕಾಯಿಲೆ ಗಂಟಲಿಗೆ ಇಳಿಯುವ ಮೊದಲು, ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವರು ದಿನಾ ಮೈಕಿನ ಮುಂದೆ ಕೂತು ಒಂದೊಂದೇ ವಾಕ್ಯ ಹೇಳಿ, ಮಾತು ಹೋದ ಮೇಲೆ ಬೇಕಾದಾಗ ಕೇಳಿಸಲೆಂದು ಉಳಿಸಿಟ್ಟದ್ದನ್ನು ನಾನೂ ನೋಡಿದ್ದೇನಲ್ಲ. ಆಸ್ಪತ್ರೆಯವರು ಕೊಟ್ಟ ಮಾತಾಡುವ ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಮನೆಯಲ್ಲಿ ನಾನು ಇಂಗ್ಲಿಷಿನಲ್ಲಿ ಬೆನ್ನು ತುರಿಸಿಕೊಳ್ಳಲಾರೆ ಎಂದಿದ್ದರು. ನಕ್ಕು ಸಾಕಾಗಿತ್ತು ನಮಗೆ.

ಆದರೆ ಭಾಗೀರಥಿ, ನನಗೆ ತಾನೇ ಹೇಗೆ ಗೊತ್ತಾಗಬೇಕು? ನವೆಂಬರಿನಲ್ಲಿ ನನ್ನ ಪರದೆಯೂ ಕೆಂಪಗಾಗಿ ಸೈರನ್ ಹೊಡೆದುಕೊಂಡಿತು. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆಮಾಡಿ.' ಮಾಡಿದೆ. ಅತ್ತಲಿಂದ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಎರಡು ಮಾತಾಡಿದವಳೇ ನನ್ನ ದನಿಯ ವರಸೆ ಹಿಡಿದು, "ಅಕ್ಕಾರ, ನೀವು ಧಾರವಾಡ ಕಡ್ಯಾವ್ರೇನ್ರಿ?" ಎಂದಳು. ಮೂವತ್ತೈದು ವರ್ಷದಿಂದ ಈ ಊರಿನಲ್ಲಿ ನಾನು ಡಾಕ್ಟರ್, ಲವ್, ಡಿಯರ್ ಎಲ್ಲ ಆಗಿದ್ದೇನೆ. ಅಕ್ಕಾರ ಆಗಿರಲಿಲ್ಲ. ಸೌಮ್ಯಾ ಎಂದು ಹೆಸರು ಹೇಳಿದಳು. ಅರ್ಧ ಗಂಟೆಯಲ್ಲಿ ಎಲ್ಲ ಸರಿ ಮಾಡಿ, ಗುರಾಣಿಯ ಚಿತ್ರವಿರುವ ಆಂಟಿವೈರಸ್ ಹಾಕಿಕೊಟ್ಟಳು. ಅಂದಿನಿಂದ ದಿನಾ ಬೆಳಿಗ್ಗೆ ಅದು ಹಸಿರು ಟಿಕ್ ತೋರಿಸಿ ನೀವು ಸುರಕ್ಷಿತ ಎನ್ನುತ್ತಿತ್ತು. ನನಗಾದ ಒಳ್ಳೆಯದು ನಾಲ್ಕು ಜನಕ್ಕೂ ಆಗಲಿ ಎಂದು ಸಂಘದ ಸಂಕ್ರಾಂತಿ ಊಟದ ದಿನ ಮೈಕ್ ಹಿಡಿದು ಹೇಳಿದೆ, ಕೇಳಿದವರಿಗೆಲ್ಲ ಎಳ್ಳಿನ ಪೊಟ್ಟಣದ ಹಿಂದೆ ನಂಬರು ಬರೆದುಕೊಟ್ಟೆ. ಅದು ಮೋಸ ಎಂದು ನಿನಗೆ ಗೊತ್ತಾದಾಗಲೇ ನನಗೂ ಗೊತ್ತಾದದ್ದು.

ಈಗ ಆಗಬೇಕಾದದ್ದು ನೋಡು. ಆ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಸೇರಿಸಬೇಡ. ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಾಯಿಸು. ಬ್ಯಾಂಕಿಗೆ ತಿಳಿಸು. ಹಯವದನರ ಎದೆಯಲ್ಲಿ ಕಫ ಕಟ್ಟದ ಹಾಗೆ ನೋಡಿಕೋ, ದಿಂಬು ಎತ್ತರಕ್ಕಿರಲಿ.

ಎರಡು ಸಾಲಾದರೂ ಬರೆ.

ನಿನ್ನವಳೇ ಆದ
ಮಹಾದೇವಿ


ಸ್ಟಾಕ್‌ಪೋರ್ಟ್
9 ಮಾರ್ಚ್ 2024

ಮಹಾದೇವಿ,

ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಆದರೆ 'ಕಡತ ಹೋಯಿತಂತೆ' ಎಂದು ಬರೆದಿದ್ದೀಯಲ್ಲ, ಬಸ್ಸಿನಲ್ಲಿ ಕೊಡೆ ಹೋಯಿತಂತೆ ಅನ್ನುವ ಹಾಗೆ. ಅದು ಹೇಗೆ ಹೋಯಿತು ಎಂದು ನಿನಗೆ ಗೊತ್ತಿರಲಿ.

ಜನವರಿ ಇಪ್ಪತ್ತೇಳು, ಶನಿವಾರ ಬೆಳಿಗ್ಗೆ. ಇವರನ್ನು ಗಾಲಿಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂರಿಸಿದ್ದೆ. ಏಕಾದಶಿ ಯಾವತ್ತು ಎಂದು ನೋಡಲು ಲ್ಯಾಪ್‌ಟಾಪಿನಲ್ಲಿ ಪಂಚಾಂಗ ಹುಡುಕುತ್ತಿದ್ದೆ. ಪರದೆ ಕೆಂಪಗಾಯಿತು, ಸೈರನ್ ಶುರುವಾಯಿತು. ಪರದೆಯ ಮೇಲೂ ಒಂದು ನಂಬರಿತ್ತು. ನೀನು 'ಅದಕ್ಕೆ ಮಾಡಬೇಡ, ಯಾರ್ಯಾರೋ ಎತ್ತುತ್ತಾರೆ, ನೇರವಾಗಿ ಸೌಮ್ಯಾಗೇ ಮಾಡು' ಎಂದಿದ್ದೆಯಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದ ಎಳ್ಳಿನ ಪೊಟ್ಟಣ ನೋಡಿ ಅವಳಿಗೇ ಮಾಡಿದೆ.

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ಮಹಾದೇವಿ ಡಾಕ್ಟರ್ ಹೇಳ್ಯಾರ ಅಂದಮ್ಯಾಗ ನೀವು ನಮ್ಮ ಮನಿಯವ್ರ ಇದ್ದಂಗ" ಎಂದಳು. ಒಂದು ಸಂಖ್ಯೆ ಹೇಳಿ ಒತ್ತಿಸಿದಳು. ಆಮೇಲೆ ಪರದೆಯ ಮೇಲಿನ ಬಾಣ ತಾನೇ ಓಡಾಡತೊಡಗಿತು. "ಮನ್ಯಾಗ ಬ್ಯಾರೆ ಡಿಸ್ಕ್ ಏನರ ಅದಾವೇನ್ರಿ? ಅವನ್ನೂ ಹಚ್ಚರಿ, ಅವಕ್ಕೂ ಹತ್ತಿರತೈತಿ" ಎಂದಳು. ಇವರು ಇಂಜಿನಿಯರ್ ಬುದ್ಧಿಯಿಂದ ಎಲ್ಲದರ ಇನ್ನೊಂದು ಪ್ರತಿ ಮಾಡಿ ಬೀರುವಿನಲ್ಲಿ ಇಟ್ಟಿದ್ದರು. 'ಅವಳು ಏನು ಹೇಳುತ್ತಾಳೋ ಹಾಗೆ ಮಾಡು' ಎಂದು ನೀನು ಹೇಳಿದ್ದೆ. ನಾನೇ ನನ್ನ ಕೈಯಾರೆ ತಂದು ಹಚ್ಚಿದೆ.

ನಾನೂರ ಹನ್ನೆರಡು ವೈರಸ್ ಎಂದು ಒಂದು ಪಟ್ಟಿ ಬಂತು. ಎಲ್ಲ ಕೆಂಪು ಅಕ್ಷರ. ನಾನೂರ ಹನ್ನೆರಡೂ ಇವರ ವಾಕ್ಯಗಳು. ಇವರು ಒಂದೊಂದು ಕಡತಕ್ಕೂ ಅದರೊಳಗಿನ ಮಾತನ್ನೇ ಹೆಸರಾಗಿಟ್ಟಿದ್ದರಲ್ಲ, ಕನ್ನಡದಲ್ಲಿ. ಅವಳು ಅವನ್ನು ಓದಿದಳು ಮಹಾದೇವಿ. ಗಟ್ಟಿಯಾಗಿ ಓದಿದಳು. "'ಭಾಗೀ ಬಾಗಿಲು ಹಾಕ್ಕೋ' ಅಂತ ಐತಿ ನೋಡ್ರಿ ಇದು. 'ಕಾಫಿ ಸೊಗಸಾಗಿದೆ.' 'ಬೆನ್ನು ತುರಿಸ್ತಿದೆ, ಇನ್ನೂ ಸ್ವಲ್ಪ ಮೇಲೆ.' ಎಂಥಾ ಹಲ್ಕಾ ವೈರಸ್ ಅದಾವ ನೋಡ್ರಿ ಅಕ್ಕಾರ, ಕನ್ನಡದಾಗ ಹೆಸರಿಟ್ಕೊಂಡು ಕುಂತಾವು."

"ಅವು ವೈರಸ್ ಅಲ್ಲಮ್ಮ, ನಮ್ಮ ಯಜಮಾನರ ಮಾತು. ಅವರಿಗೆ ಈಗ ಮಾತು ಬರಲ್ಲ. ಅವನ್ನ ಮಾತ್ರ ಮುಟ್ಬೇಡ" ಎಂದೆ. ಪರದೆಯ ಮೇಲಿನ ಬಾಣ ಇದ್ದಲ್ಲೇ ನಿಂತಿತು. ಪಾಪ, ಮನಸ್ಸು ಕರಗಿತು ಎಂದುಕೊಂಡೆ. ಎಲ್ಲಿ ಹಿಂಡಿದರೆ ನೋಯುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. "ಹಂಗಾರ ಲಗೂನ ಕಾರ್ಡಿನ ನಂಬರ್ ಹೇಳ್ರಿ, ನಾ ಅವನ್ನ ಕಾಯ್ದು ಕೊಡ್ತೀನಿ" ಎಂದಳು. ಆಗ ನನಗೆ ಅನುಮಾನ ಬಂತು. ಮಗಳನ್ನು ಕೇಳಿ ಹೇಳುತ್ತೇನೆ ಎಂದೆ.

"ಹಂಗಾದ್ರ ನಿಮ್ಮ ಇಷ್ಟ ರೀ ಅಕ್ಕಾರ."

ಅಷ್ಟು ಮರ್ಯಾದೆಯಿಂದ ಹೇಳಿದಳು. ಪಟ್ಟಿ ಮೇಲಿನಿಂದ ಖಾಲಿಯಾಗತೊಡಗಿತು. ಕಾರ್ಡ್ ಕೊಡ್ತೀನಿ ಕಣಮ್ಮ, ತಗೋ, ಬರ್ಕೋ ಎಂದು ಕೂಗಿದೆ. ಲೈನ್ ಕಟ್ಟಾಗಿತ್ತು. ವೈರು ಕಿತ್ತೆ. ಅದು ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು.

ಮೀಡಿಯಾಸಿಟಿಯ ಆಫೀಸಿನಿಂದ ಅನ್ವಿತಾ ಕೆಲಸ ಬಿಟ್ಟು ಓಡಿ ಬಂದಳು. ಡಿಸ್ಕುಗಳನ್ನು ರಿಪೇರಿ ಮಾಡುವ ಒಬ್ಬರಿಗೆ ಲ್ಯಾಪ್‌ಟಾಪ್, ಬೀರುವಿನ ಡಿಸ್ಕ್ ಎರಡನ್ನೂ ಕೊಟ್ಟಳು. ಅಳಿಸಿದ್ದರ ಮೇಲೆ ಕಸ ಬರೆದು ಮತ್ತೆ ಅಳಿಸಿದ್ದಾರಂತೆ. ನಾನೂರ ಹನ್ನೆರಡು ಹೆಸರುಗಳು ಸಿಕ್ಕವು. ಒಂದರಲ್ಲೂ ದನಿ ಇಲ್ಲ.

ದಿಂಬು ಎತ್ತರಕ್ಕೇ ಇಟ್ಟಿದ್ದೇನೆ. ಅದನ್ನು ನರ್ಸ್ ಕೂಡ ಹೇಳುತ್ತಾಳೆ.

ಭಾಗೀರಥಿ


ವುಲ್ವರ್‌ಹ್ಯಾಂಪ್ಟನ್
22 ಮಾರ್ಚ್ 2024

ಭಾಗೀರಥಿ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲೆ ಬೇಳೆ ಸೀದು ಹೋಯಿತು.

ಏನು ಬರೆಯಲಿ? ಸತ್ತವರ ಮನೆಗಳಲ್ಲಿ ಕೂತು ಹೇಳಬೇಕಾದದ್ದನ್ನು ಹೇಳಿ ಬಂದವಳು ನಾನು. ಆ ಹುಡುಗಿಯ ಬಾಯಲ್ಲಿ ಹುಳ ಬೀಳಲಿ ಎಂದು ಬರೆಯಬೇಕೆನ್ನಿಸಿತು, ಬರೆದೂಬಿಟ್ಟೆ ನೋಡು. ಅದರಿಂದ ನಿನಗೇನೂ ಬಂದಂತಾಗಲಿಲ್ಲ.

ಲೈಬ್ರರಿಯಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಪಾಠ ಹೇಳುತ್ತಾರೆ, ಸೇರಿಕೊಂಡಿದ್ದೇನೆ. ಮೊದಲ ದಿನವೇ ಹೇಳಿದರು, ನಿಜವಾದ ಎಚ್ಚರಿಕೆ ಯಾವತ್ತೂ ಫೋನ್ ನಂಬರು ಕೊಡುವುದಿಲ್ಲ, ಕೊಟ್ಟರೆ ಅದು ಕಳ್ಳನದೇ ಎಂದು. ಪ್ರತಿ ಇಟ್ಟ ಡಿಸ್ಕನ್ನು ಯಂತ್ರದಿಂದ ಬೇರೆಯಾಗಿಯೇ ಇಡಬೇಕು, ಗೊತ್ತಿಲ್ಲದವರಿಗೆ ಪರದೆಯನ್ನು ಒಪ್ಪಿಸಬಾರದು. ಇಷ್ಟೇ ಇದ್ದದ್ದು. ಮೂರು ಮಾತು. ಯುಗಾದಿ ಊಟದ ದಿನ ಸಂಘದಲ್ಲಿ ಅದೇ ಮೈಕಿನಲ್ಲಿ ಎಲ್ಲರಿಗೂ ಹೇಳುತ್ತೇನೆ.

ಮುಂದಿನ ಶನಿವಾರ ರೈಲು ಹತ್ತಿ ಬರಲೇ? ಬಾಗಿಲಲ್ಲೇ ನಿಂತು ಹಯವದನರನ್ನು ನೋಡಿ ಹೋಗುತ್ತೇನೆ. ನಿನಗೆ ಹೇಳಬೇಕಾದ ಮಾತೂ ಒಂದಿದೆ, ಕಾಗದದಲ್ಲಿ ಬರೆಯಲು ಕೈ ಬರುತ್ತಿಲ್ಲ.

ಮಹಾದೇವಿ


ಸ್ಟಾಕ್‌ಪೋರ್ಟ್
3 ಜೂನ್ 2024

ಮಹಾದೇವಿ,

ಬರಲೇ ಎಂದು ನೀನು ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಆದರೂ ನೀನು ಬಂದೆ, ಇವರನ್ನು ಸುಡುವ ದಿನ. ಕೊನೆಯ ಸಾಲಿನಲ್ಲಿ ನಿನ್ನ ನೀಲಿ ಕೋಟು ಕಂಡಿತು. ತಿರುಗಿ ನೋಡದವಳ ಹಾಗೆ ನೋಡಿದೆ.

ಇವರು ಮೇ ಹತ್ತೊಂಬತ್ತರ ಭಾನುವಾರ ಮಧ್ಯಾಹ್ನ ಹೋದರು. ನೋವಿರಲಿಲ್ಲ. ಡಾಕ್ಟರಿಗೆ ಇಷ್ಟು ವರದಿ ಸಾಕಲ್ಲ? ಇನ್ನು ಉಳಿದದ್ದು ನಿನ್ನ ಸ್ನೇಹಿತೆಯ, ಅಂದರೆ ನನ್ನ, ವರದಿ.

ಡಿಸ್ಕಿನಿಂದ ಸಿಕ್ಕ ಆ ಹೆಸರುಗಳನ್ನು ಅನ್ವಿತಾ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಂದಿದ್ದಳು. ಹನ್ನೊಂದು ಹಾಳೆ. ಫೆಬ್ರವರಿಯಿಂದ ನಾವು ಸಂಸಾರ ನಡೆಸಿದ್ದು ಆ ಹಾಳೆಗಳ ಮೇಲೆ. ನಾನು ಬೆರಳಿಟ್ಟು ಒಂದೊಂದೇ ಓದುತ್ತ ಹೋಗಬೇಕು, ಬೇಕಾದದ್ದು ಬಂದಾಗ ಇವರು ಕಣ್ಣು ಮಿಟುಕಿಸಬೇಕು. 'ಕಾಫಿ ಸೊಗಸಾಗಿದೆ' ಎಂದು ನಾನೇ ಓದಬೇಕು, ನಾನೇ ಕೇಳಿಸಿಕೊಳ್ಳಬೇಕು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು ಅಂದರೆ ಏನು ಎಂದು ಅರವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು. ಒಂದೊಂದು ದಿನ ಹಾಳೆಯ ಮೇಲೆ ಇಲ್ಲದ್ದನ್ನೂ ಸೇರಿಸಿ ಓದುತ್ತಿದ್ದೆ, 'ಭಾಗೀ, ಇವತ್ತು ಹುಳಿ ಚೆನ್ನಾಗಿಲ್ಲ' ಎಂದು. ಆಗ ಇವರ ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು.

ಏಪ್ರಿಲ್ ಹೊತ್ತಿಗೆ ಅಷ್ಟೊಂದು ಕಾಯುವ ಶಕ್ತಿ ಇವರಿಗಿರಲಿಲ್ಲ. ಆಸ್ಪತ್ರೆಯ ಯಂತ್ರವೇ ಗತಿಯಾಯಿತು. ಕಣ್ಣಿನಲ್ಲಿ ಅಕ್ಷರ ಆರಿಸಿದರೆ ಅದು ಇಂಗ್ಲಿಷಿನಲ್ಲಿ ಮಾತಾಡುತ್ತದೆ, ರೇಡಿಯೋದಲ್ಲಿ ವಾರ್ತೆ ಓದುವ ಯಾವನೋ ಸಾಹೇಬನ ದನಿಯಲ್ಲಿ. ಮೂವತ್ತೇಳು ವರ್ಷ ಸಂಸಾರ ಮಾಡಿದ ಮೇಲೆ ನನ್ನ ಗಂಡ ನನಗೆ 'ಪ್ಲೀಸ್' ಅನ್ನತೊಡಗಿದರು. ನೀರು ಕೊಟ್ಟರೆ 'ಥ್ಯಾಂಕ್ ಯೂ'. ಆ ದನಿಗೆ ನನ್ನ ಹೆಸರು ಹೊರಳುತ್ತಿರಲಿಲ್ಲ. ಭಾಗೀ ಎಂದು ಬರೆದರೆ ಬ್ಯಾಗೀ ಎನ್ನುತ್ತಿತ್ತು, ದೊಗಳೆ ಪ್ಯಾಂಟಿನ ಹಾಗೆ. ಇವರು ಬೇರೆ ಬೇರೆ ರೀತಿ ಅಕ್ಷರ ಕೂಡಿಸಿ ನೋಡಿದರು. ಒಂದು ಇಡೀ ಮಧ್ಯಾಹ್ನ ಅದಕ್ಕೇ ಕಳೆದರು. ಆಗಲಿಲ್ಲ.

ಆ ಭಾನುವಾರ ಕೊನೆಯದಾಗಿ ಹೇಳಿದ್ದು ಎರಡು ಮಾತು. 'ವಿಂಡೋ, ಪ್ಲೀಸ್.' ಕಿಟಕಿ ತೆಗೆದೆ. 'ಥ್ಯಾಂಕ್ ಯೂ, ಬ್ಯಾಗೀ.'

ನನ್ನ ಗಂಡ ಸಾಯುವಾಗ ನನ್ನನ್ನು ಹೆಸರು ಹಿಡಿದು ಕರೆದರು ಮಹಾದೇವಿ. ಅದು ನನ್ನ ಹೆಸರಾಗಿರಲಿಲ್ಲ.

ಯುಗಾದಿಯ ದಿನ ನಿನ್ನ ಭಾಷಣ ಬಹಳ ಚೆನ್ನಾಗಿತ್ತಂತೆ. ಚಪ್ಪಾಳೆ ಬಿತ್ತಂತೆ. ಯಾರೋ ಫೋನ್ ಮಾಡಿ ಅನ್ವಿತಾಗೆ ಹೇಳಿದರು.

ಭಾಗೀರಥಿ


ವುಲ್ವರ್‌ಹ್ಯಾಂಪ್ಟನ್
14 ಜುಲೈ 2024

ಭಾಗೀರಥಿ,

ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ, ಓದಿ ಬಿಸಾಡು.

ನಿನಗೆ ಗೊತ್ತಾದಾಗಲೇ ನನಗೂ ಗೊತ್ತಾಯಿತು ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ಅದು ಸುಳ್ಳು. ನನಗೆ ಎರಡು ದಿನ ಮೊದಲೇ ಗೊತ್ತಿತ್ತು.

ಗುರುವಾರ, ಜನವರಿ ಇಪ್ಪತ್ತೈದನೇ ತಾರೀಕು. ನನ್ನ ತಮ್ಮನ ಮಗ ಚಿನ್ಮಯ ಲೀಡ್ಸ್‌ನಿಂದ ಬಂದಿದ್ದ, ಕಂಪ್ಯೂಟರಿನ ಕೆಲಸದವನು. ನಾನು ಜಂಬದಿಂದ ನನ್ನ ಗುರಾಣಿ ತೋರಿಸಿದೆ. ಅವನು ಎರಡು ನಿಮಿಷ ನೋಡಿ, "ಅತ್ತಿ, ಇದು ಆಂಟಿವೈರಸ್ ಅಲ್ಲ. ಇದ ವೈರಸ್. ದಿನಾ ಹಸಿರು ಟಿಕ್ ತೋರಿಸೋದು ಬಿಟ್ಟರ ಇದಕ್ಕ ಬ್ಯಾರೆ ಕೆಲಸ ಇಲ್ಲ, ನಿಮ್ಮ ಮಷೀನ್ ಬಾಗಲಾ ತಗದ ಇಟ್ಟೈತಿ. ಈ ನಂಬರ್ ಯಾರಿಗರ ಕೊಟ್ಟೀರೇನು?" ಎಂದ.

ಇಲ್ಲಪ್ಪ ಎಂದೆ.

ನಾಲ್ಕು ದಿನದ ಹಿಂದೆಯಷ್ಟೇ ಎಪ್ಪತ್ತು ಜನರ ಮುಂದೆ ಮೈಕ್ ಹಿಡಿದು ನಿಂತಿದ್ದೆ. ಡಾಕ್ಟರ್ ಮಹಾದೇವಿ ಹೇಳಿದರೆ ಮುಗಿಯಿತು ಎನ್ನುವ ಜನ. ಅವರಿಗೆಲ್ಲ ಫೋನ್ ಮಾಡಿ ನಾನು ಮೋಸಹೋದೆ ಎನ್ನಬೇಕಿತ್ತು. ಶುಕ್ರವಾರ ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡೆ. ಮೊದಲು ನಿನಗೇ ಮಾಡಬೇಕೆಂದು ನಿನ್ನ ಹೆಸರು ತೆಗೆದೆ. ಭಾನುವಾರ ಹೇಳಿದರಾಯಿತು, ಏನು ಮಹಾ ಎರಡು ದಿನದಲ್ಲಿ, ಹೇಗೂ ವಾರದ ಫೋನು ಮಾಡುತ್ತೇನಲ್ಲ, ಮಾತಿನ ನಡುವೆ ನಗುತ್ತ ಹೇಳಿದರೆ ಹಗುರಾಗುತ್ತದೆ ಎಂದುಕೊಂಡು ಕೆಳಗಿಟ್ಟೆ. ಕ್ಲಿನಿಕ್ಕಿನಲ್ಲಿದ್ದಾಗ ಯಾವ ರೋಗಿಯ ಕೆಟ್ಟ ವರದಿಯನ್ನೂ ಒಂದು ರಾತ್ರಿ ನನ್ನ ಹತ್ತಿರ ಇಟ್ಟುಕೊಂಡವಳಲ್ಲ ನಾನು. ನನ್ನದೇ ಕೆಟ್ಟ ವರದಿ ಬಂದಾಗ ಮಾನಕ್ಕೆ ಹೆದರಿ ಮುಚ್ಚಿಟ್ಟೆ. ಶನಿವಾರ ನೀನು ಸೌಮ್ಯಾಗೆ ಫೋನ್ ಮಾಡಿದೆ.

ಯುಗಾದಿಯ ದಿನವೂ ಹೇಳಲಿಲ್ಲ. ಉಪದೇಶ ಮಾಡಿ ಚಪ್ಪಾಳೆ ಹೊಡೆಸಿಕೊಂಡು ಕೂತೆ. ನನಗೆ ಯಾವಾಗ ಗೊತ್ತಾಯಿತು ಎಂದು ಯಾರೂ ಕೇಳಲಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಚಿನ್ಮಯ ನನ್ನ ಹಳೆಯ ಇಮೇಲನ್ನೆಲ್ಲ ಸ್ವಚ್ಛ ಮಾಡುವಾಗ ಒಂದು ಸಿಕ್ಕಿತು. ಜೂನ್ 2022. ಹಯವದನರು ಕಳಿಸಿದ್ದು. ದನಿ ಸರಿಯಾಗಿ ಕೇಳುತ್ತದೆಯೇ ನೋಡು ಎಂದು ಮೊಟ್ಟಮೊದಲು ರೆಕಾರ್ಡ್ ಮಾಡಿದ್ದನ್ನು ನನಗೆ ಕಳಿಸಿದ್ದರು. ನಾನಾಗ ಕಾಯಿಲೆ ಮುಂದೆ ಹೇಗೆ ಹೋಗುತ್ತದೆ ಎನ್ನುವುದನ್ನು ನಿಮ್ಮಿಬ್ಬರಿಗೂ ಹೇಳದೆ ಜಾರಿಕೊಳ್ಳುತ್ತಿದ್ದೆನಲ್ಲ, ಅದರಲ್ಲಿರುವ ಮಾತು ಅದಕ್ಕೆ. ಒಂಬತ್ತು ಸೆಕೆಂಡು ಇದೆ. ನೀನೇ ಕೇಳು. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಇದರೊಳಗೆ ಪೆನ್ ಡ್ರೈವ್ ಇಟ್ಟಿದ್ದೇನೆ. ಅದರಲ್ಲಿ ಅದೊಂದೇ ಇದೆ. ಚಿನ್ಮಯ ಸ್ಕ್ಯಾನ್ ಮಾಡಿದ್ದಾನೆ, ಏನೂ ಹೆದರಬೇಡ.

ಕ್ಷಮಿಸು ಎಂದು ಬರೆಯುವ ಮುಖವಿಲ್ಲ. ಆದರೂ ಬರೆದಿದ್ದೇನೆ.

ಮಹಾದೇವಿ


ಸ್ಟಾಕ್‌ಪೋರ್ಟ್
14 ಜನವರಿ 2025

ಮಹಾದೇವಿ,

ಇವತ್ತು ಸಂಕ್ರಾಂತಿ. ಇವರ ವರ್ಷಾಂತಿಕ ಆಗಿಲ್ಲ, ಹಾಗಾಗಿ ನಮಗೆ ಹಬ್ಬವಿಲ್ಲ, ಎಳ್ಳೂ ಇಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುತ್ತಾರೆ. ಈ ವರ್ಷ ಎರಡರಿಂದಲೂ ನನಗೆ ವಿನಾಯಿತಿ ಇದೆ ಎಂದುಕೊಂಡು ಓದು.

ನಿನ್ನ ಪೆನ್ ಡ್ರೈವ್ ಬಂದ ದಿನವೇ ಅನ್ವಿತಾ ಹೇಳಿದಳು, "ಮಮ್, ಡೋಂಟ್ ಪ್ಲಗ್ ಇಟ್ ಇನ್." ಅಂಚೆಯಲ್ಲಿ ಬಂದದ್ದನ್ನು ಯಾರು ಕಳಿಸಿದ್ದರೂ ಚುಚ್ಚಬಾರದಂತೆ. ಮಹಾದೇವಿ ಆಂಟಿ ಕಳಿಸಿದ್ದು ಕಣೇ ಎಂದೆ. ಎಕ್ಸಾಕ್ಟ್ಲಿ ಎಂದಳು. ಕುಂಕುಮದ ಭರಣಿ ಈಗ ಹೇಗೂ ಖಾಲಿ ಇದೆ, ಅದರೊಳಗೆ ಹಾಕಿಟ್ಟೆ. ನನ್ನ ಗಂಡನ ದನಿ ಮನೆಯಲ್ಲೇ ಇದೆ, ಅದನ್ನು ಕೇಳಲು ನನಗೆ ಭಯ. ಇದು ನೀನು ನನಗೆ ಕಲಿಸಿದ ಪಾಠ. ನಾಲ್ಕು ತಿಂಗಳು ಹಾಗೇ ಇತ್ತು.

ದೀಪಾವಳಿಯ ಮುಂದಿನ ವಾರ ಅವಳೇ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದಳು. ಅದರಲ್ಲಿ ಏನೂ ಇಲ್ಲ, ಇಂಟರ್ನೆಟ್ಟೂ ಇಲ್ಲ, ಹಾಳಾದರೆ ಎಸೆಯುವಂಥದ್ದು. ಪರೀಕ್ಷೆ ಮಾಡಿ ಚುಚ್ಚಿದಳು.

'ಮಹಾದೇವಿ, ಇದ್ದದ್ದು ಇದ್ದ ಹಾಗೆ ಹೇಳ್ಬಿಡು. ಎದ್ದು ಬಂದು ಎದೆಗೆ ಒದೆಯೋ ಶಕ್ತಿ ನನಗೆಲ್ಲಿದೆ?' ಕೊನೆಯಲ್ಲಿ ನಗುತ್ತಾರೆ. ಆ ನಗುವಿಗೆ ಆಗಲೇ ಸ್ವಲ್ಪ ತೊದಲಿದೆ.

ಅನ್ವಿತಾ ಅತ್ತಳು. ನಾನು ಅಳಲಿಲ್ಲ. ಒಂದೇ ಸಲ ಕೇಳಿದೆ.

ನೀನು ಇದ್ದದ್ದು ಇದ್ದ ಹಾಗೆ ಹೇಳಿದ್ದೀಯಲ್ಲ, ನಾನೂ ಹೇಳುತ್ತೇನೆ. ಮಾರ್ಚಿನ ಕಾಗದದಲ್ಲಿ ಎಲ್ಲ ಬರೆದೆ, ಒಂದನ್ನು ಬಿಟ್ಟೆ. ನಾನು ಬೀರುವಿನಿಂದ ಡಿಸ್ಕ್ ತಂದು ಹಚ್ಚಲು ಹೊರಟಾಗ ಕಿಟಕಿಯ ಪಕ್ಕದಿಂದ ಯಂತ್ರದ ಆ ಸಾಹೇಬನ ದನಿ 'ಸ್ಟಾಪ್' ಎಂದಿತು. ಮತ್ತೆ 'ಸ್ಟಾಪ್'. ಇವರಿಗೆ ಗೊತ್ತಾಗಿತ್ತು. ಮೂವತ್ತು ವರ್ಷ ಯಂತ್ರಗಳ ನಡುವೆ ಬದುಕಿದವರಿಗೆ ಗೊತ್ತಾಗದಿರುತ್ತದೆಯೇ? ನನ್ನ ಸೆರಗು ಹಿಡಿದೆಳೆಯಲು ಕೈಯಿಲ್ಲ, ಕೂಗಲು ಗಂಟಲಿಲ್ಲ. ಕಣ್ಣಿನಲ್ಲಿ ಒಂದೊಂದೇ ಅಕ್ಷರ ಆರಿಸಿ ಆ ಪದ ಕೂಡಿಸಿದ್ದರು. ಸೌಮ್ಯಾ, "ಯಾರ್ರೀ ಅದು ಅಕ್ಕಾರ?" ಎಂದು ಕೇಳಿದಳು.

ಟೀವಿ ಎಂದೆ.

ಆಮೇಲೆ ಇವರ ಕಡೆ ತಿರುಗಿ, "ಸ್ವಲ್ಪ ಸುಮ್ನಿರ್ತೀರಾ?" ಎಂದೆ. ಸುಮ್ಮನಾದರು. ಪಟ್ಟಿ ಖಾಲಿಯಾಗುವಾಗ ನಾನು ಕೂಗಾಡಿದೆ, ಇವರು ಕಿಟಕಿಯ ಪಕ್ಕದಿಂದ ನೋಡಿದರು. ಅದಾದ ಮೇಲೆ ನಾಲ್ಕು ತಿಂಗಳು ಬದುಕಿದ್ದರು, ಒಂದು ದಿನವೂ ಅದನ್ನು ಎತ್ತಲಿಲ್ಲ. ಕ್ಷಮಿಸಿದರೋ, ಅಷ್ಟು ಉದ್ದದ ಮಾತನ್ನು ಕಣ್ಣಿನಲ್ಲಿ ಬರೆಯಲಾಗದೆ ಬಿಟ್ಟರೋ, ನನಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಆ ಸಾಹೇಬ ಉತ್ತರ ಕೊಡುತ್ತಿದ್ದ.

ಇದನ್ನು ಅನ್ವಿತಾಗೂ ಹೇಳಿಲ್ಲ. ನಿನಗೆ ಹೇಳಿದ್ದು ನೀನು ಹತ್ತಿರದವಳು ಎಂದಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡ ಹೆಂಗಸಿಗೆ, ಗಂಡನ ಬಾಯಿ ಮುಚ್ಚಿಸಿದ ಹೆಂಗಸಿನ ಸಂಕಟ ಅರ್ಥವಾಗಲಿ ಎಂದು.

ಪೆನ್ ಡ್ರೈವನ್ನು ವಾಪಸ್ ಕಳಿಸುತ್ತಿದ್ದೇನೆ. ಅದನ್ನು ಸುತ್ತಿರುವ ಕಾಗದ ಏನೆಂದು ನಿನಗೆ ಗುರುತು ಸಿಗುತ್ತದೆ. ಹೋದ ವರ್ಷ ನೀನು ಕೊಟ್ಟ ಎಳ್ಳಿನ ಪೊಟ್ಟಣ, ಇಷ್ಟು ದಿನ ಫ್ರಿಜ್ಜಿನ ಮೇಲೇ ಇತ್ತು. ಹಿಂದೆ ತಿರುಗಿಸಿ ನೋಡು. ಡಾಕ್ಟರ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ ಎನ್ನುತ್ತೀಯ, ಆ ಹನ್ನೊಂದು ಅಂಕಿಗಳನ್ನು ಮಾತ್ರ ಎಷ್ಟು ದುಂಡಗೆ ಬರೆದಿದ್ದೀಯ. ಅವಳ ಕನ್ನಡ ಕೇಳಿ ನೀನು ನಂಬಿದೆ. ನಾನು ನಿನ್ನ ಅಕ್ಷರ ನೋಡಿ ನಂಬಿದೆ.

ಪೆನ್ ಡ್ರೈವ್ ನನಗೆ ಬೇಡ. ನೀನು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದೀಯ, ಗೊತ್ತು. ನಿನ್ನೆ ಆ ಹನ್ನೊಂದು ಹಾಳೆಗಳನ್ನು ಮುಂದಿಟ್ಟುಕೊಂಡು ಎಣಿಸಿದೆ. ನಾನೂರ ಹನ್ನೆರಡು ಮಾತುಗಳಲ್ಲಿ ನೂರ ಅರವತ್ತಮೂರರಲ್ಲಿ ಭಾಗೀ ಇದ್ದಾಳೆ. ಭಾಗೀ ಬಾ, ಭಾಗೀ ಕೂತ್ಕೋ, ಭಾಗೀ ಸಾಕು ಮಲಗು. ಅವೆಲ್ಲ ಹೋದವು. ಉಳಿದ ಒಂದರಲ್ಲಿ ಅವರು ಕರೆದಿರುವುದು ನಿನ್ನನ್ನು.

ಅದು ನಿನ್ನದು. ನೀನೇ ಇಟ್ಟುಕೋ.

ಭಾಗೀರಥಿ